ನಿಮ್ಮ ಬಲ, ನನ್ನ ಎಡ

ಅಪ್ಪ ಅಮ್ಮ ಇಟ್ಟ ಹೆಸರು ಆಕೆಗೂ ಇತ್ತು. ಪದವಿಯ ಅಕ್ಷರಗಳನ್ನು ಬಾಲದಂತೆ ಅಂಟಿಸಿಕೊಂಡು ಅದು ಬೋರ್ಡಿನ ಮೇಲೆ ಕೂತಿತ್ತು. ಆದರೆ ಬೋರ್ಡು ಓದಿಕೊಂಡು ಆ ಮೆಟ್ಟಿಲು ಹತ್ತಿದವರು ಬೀದಿಯಲ್ಲಿ ಯಾರೂ ಇಲ್ಲ. ಹಲ್ಲುನೋವು ಬಂದವನಿಗೆ ಬೋರ್ಡು ಓದುವಷ್ಟು ವ್ಯವಧಾನವಾದರೂ ಎಲ್ಲಿರುತ್ತದೆ? “ಹಲ್ಲಮ್ಮನ ಹತ್ರ ಹೋಗು” ಅಂತ ಯಾರಾದರೂ ಅಂದರೆ ಸಾಕು, ಕೆನ್ನೆ ಹಿಡಿದುಕೊಂಡವರ ಕಾಲು ತಾನಾಗಿಯೇ ಕನ್ನಡಕದ ಅಂಗಡಿಯ ಪಕ್ಕದ ಮೆಟ್ಟಿಲು ಹುಡುಕಿಕೊಳ್ಳುತ್ತಿತ್ತು. ಮೊದಮೊದಲು ಆ ಹೆಸರು ಕಿವಿಗೆ ಬಿದ್ದರೆ ಆಕೆಗೆ ಮೈ ಉರಿಯುತ್ತಿತ್ತು. ಕಣ್ಣು ಕೆಂಪಾಗುವ ತನಕ ಓದಿ, ಊರಿಗೇ ಮೊದಲ ಹೆಣ್ಣು ದಂತವೈದ್ಯೆ ಅನ್ನಿಸಿಕೊಂಡು, ಕೊನೆಗೆ ಸಿಕ್ಕಿದ್ದು ಹಲ್ಲಮ್ಮ! ಒಂದು ದಿನ ಫೋನು ಬಂದಾಗ ಎತ್ತಿಕೊಂಡು ತಾನೇ “ಹಲ್ಲಮ್ಮ ಮಾತಾಡ್ತಿರೋದು, ಹೇಳಿ” ಅಂದುಬಿಟ್ಟಳು. ಅಲ್ಲಿಗೆ ಆ ಜಗಳ ಮುಗಿಯಿತು.

ಕೆಳಗಿನ ಕನ್ನಡಕದ ಅಂಗಡಿ ಗಂಡನದು. ಯಜಮಾನರು ಮೆತ್ತನೆಯ ಮನುಷ್ಯ. ಗಾಜು ಒರೆಸುವ ಬಟ್ಟೆ ಹೆಗಲ ಮೇಲಿಂದ ಇಳಿದದ್ದನ್ನು ಯಾರೂ ನೋಡಿಲ್ಲ. ಮೇಲೆ ಹಲ್ಲು, ಕೆಳಗೆ ಕಣ್ಣು; ಮಧ್ಯದಲ್ಲಿ ಮೂಗೊಂದು ಬಾಕಿ ಉಳಿಯಿತು ಎಂದು ಅವರೇ ಗಿರಾಕಿಗಳ ಹತ್ತಿರ ತಮಾಷೆ ಮಾಡುತ್ತಿದ್ದರು. ಮೂಗಿನ ಕೆಲಸ ಮಾಡಲು ಬೀದಿಯವರೆಲ್ಲ ಇದ್ದರು. ಯಾರ ಮನೆಯ ವಿಷಯಕ್ಕೆ ಬೇಕಾದರೂ ತೂರಿಸುತ್ತಿದ್ದರು.

ಹಲ್ಲಿನ ಡಾಕ್ಟರರ ಕೆಲಸದಲ್ಲಿ ಒಂದು ಪೇಚಿದೆ. ರೋಗಿ ಎದುರಿಗೆ ಬಾಯಿ ತೆರೆದುಕೊಂಡಿರುತ್ತಾನೆ. ಅವನ ಬಲಗಡೆ ಡಾಕ್ಟರಿಗೆ ಎಡಗಡೆ. ಕಾರ್ಡಿನ ಮೇಲೆ ಅಚ್ಚಾಗಿರುವ ಹಲ್ಲಿನ ಚಿತ್ರವೂ ಹಾಗೆಯೇ: ರೋಗಿಯ ಬಲದವಡೆ ಕಾಗದದ ಎಡಭಾಗದಲ್ಲಿರುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಬುದ್ಧಿ ಇಲ್ಲದೆ ಅಲ್ಲ, ತಲೆಯಲ್ಲಿ ದಿನವಿಡೀ ಕನ್ನಡಿ ಹಿಡಿದುಕೊಂಡೇ ಓಡಾಡಬೇಕಲ್ಲ, ಅದಕ್ಕೆ. ಅದನ್ನು ತಪ್ಪಿಸಲು ಹಲ್ಲಮ್ಮ ಕೆಲಸಕ್ಕೆ ಕೂತ ಮೊದಲ ದಿನದಿಂದಲೇ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಹಲ್ಲು ಕೀಳುವ ಮುಂಚೆ, ಮರಗಟ್ಟಿಸುವ ಸೂಜಿ ಕೈಗೆತ್ತಿಕೊಳ್ಳುವುದಕ್ಕೂ ಮುಂಚೆ, ಗಟ್ಟಿಯಾಗಿ ಹೇಳುವಳು: “ನಿಮ್ಮ ಬಲ, ನನ್ನ ಎಡ. ಯಾವ ಕಡೆ ಅಂತ ನಿಮ್ಮ ಕೈಯಿಂದ್ಲೇ ಮುಟ್ಟಿ ತೋರಿಸಿ.” ಎಡಗಡೆಯದಾದರೆ “ನಿಮ್ಮ ಎಡ, ನನ್ನ ಬಲ.” ರೋಗಿ ಕೆನ್ನೆ ಮುಟ್ಟಿದ ಮೇಲೆ ಕಾರ್ಡಿನ ಕೆಳಗೆ ಬರೆಯುವಳು: ರೋಗಿಯೇ ಮುಟ್ಟಿ ತೋರಿಸಿದರು. ಆಮೇಲೆ ಸಹಿ. ಆಮೇಲೆ ಸೂಜಿ.

ಇದರಿಂದ ಯಾರಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಬಸ್ಸಿನ ಡ್ರೈವರೊಬ್ಬ ಒಂದು ಕೆನ್ನೆ ಚೆಂಡಿನಂತೆ ಊದಿಸಿಕೊಂಡು ಬಂದ. “ಡಾಕ್ಟ್ರೇ, ಇದು ಕುರುಡನಿಗೂ ಕಾಣುತ್ತೆ, ಇದನ್ನೇನು ಮುಟ್ಟಿ ತೋರಿಸೋದು?” ಅಂದ. “ಕುರುಡನಿಗೆ ಕಂಡ್ರೆ ಅವನ ಹತ್ರಾನೇ ಕೀಳಿಸ್ಕೊಳ್ಳಿ. ಇಲ್ಲಿ ಮುಟ್ಟಬೇಕು” ಅಂದಳು. ಡ್ರೈವರು ಊದಿದ ಕೆನ್ನೆ ಮುಟ್ಟಿದ. ಮನೆಯಲ್ಲಿ ಯಜಮಾನರು ಕಾಲೆಳೆಯುತ್ತಿದ್ದರು. “ಊರಿಗೆಲ್ಲ ‘ನಿಮ್ಮ ಬಲ ನಿಮ್ಮ ಬಲ’ ಅಂತೀಯ. ಮನೆಗೆ ಬಂದ್ರೆ ಬಲವೆಲ್ಲ ನಿಂದೇ, ನಮಗೆ ಬರೀ ಎಡವಟ್ಟು.”

ಕಾರ್ಡುಗಳೆಂದರೆ ಆಕೆಗೆ ಪ್ರಾಣ. ಗೋಡೆಗೆ ಆತುಕೊಂಡ ಕಬ್ಬಿಣದ ಬೀರುವಿನಲ್ಲಿ ಬೀದಿಯ ಬಾಯಿಗಳೆಲ್ಲ ಸಾಲಾಗಿ ನಿಂತಿದ್ದವು. ಹಾಲುಹಲ್ಲು ಬಿದ್ದ ದಿನದಿಂದ ಕಟ್ಟಿಸಿಕೊಂಡ ಹಲ್ಲಿನ ತನಕ ಒಂದೊಂದೂ ಅಲ್ಲಿತ್ತು. ಯಾರಾದರೂ “ಹೋದ ಸಲ ನೀವು ಈ ಹಲ್ಲು ಮುಟ್ಟೇ ಇಲ್ಲ” ಎಂದು ವಾದಕ್ಕೆ ಬಂದರೆ ಬೀರು ತೆರೆದು ಕಾರ್ಡು ಮುಂದಿಡುವಳು. “ನೀವು ಮರೀಬಹುದು, ನಾನು ಮರೀಬಹುದು. ನನ್ನ ಕಾರ್ಡು ಸುಳ್ಳು ಹೇಳಲ್ಲ.” ಈ ಮಾತನ್ನು ಆಕೆ ಎಷ್ಟು ಸಲ ಆಡಿದ್ದಳೆಂದರೆ ಬೀದಿಯ ಮಕ್ಕಳು ಜಗಳದಲ್ಲಿ “ನನ್ನ ಕಾರ್ಡು ಸುಳ್ಳು ಹೇಳಲ್ಲ ಕಣೋ” ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಆಕೆಗೆ ಜಂಬ ಇತ್ತು, ಇಲ್ಲ ಅನ್ನುವುದಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ದೂರು ಇಲ್ಲದವಳಿಗೆ ಅಷ್ಟೂ ಜಂಬ ಇರಬಾರದೇ?

ಮಗ ಮದುವೆಯಾಗಿ ತಂದ ಹುಡುಗಿಯೂ ಹಲ್ಲಿನ ಡಾಕ್ಟರೇ. ಒಂದೇ ಕಸುಬಿನ ಅತ್ತೆ ಸೊಸೆ ಒಂದೇ ಕ್ಲಿನಿಕ್ಕಿನಲ್ಲಿ ಅಂದಾಗ ಬೀದಿ ಕೈ ಕಟ್ಟಿಕೊಂಡು ತಮಾಷೆ ನೋಡಲು ನಿಂತಿತು. ತಮಾಷೆ ಸಿಗಲಿಲ್ಲ. ಮಗ ಪೇಟೆಯ ಬ್ಯಾಂಕಿಗೆ ಹೋಗಿಬಂದು, ಅಡುಗೆಮನೆಯಲ್ಲಿ ಇಬ್ಬರೂ ಸೇರಿ ಹಲ್ಲಿನ ಬೇರಿನ ಬಗ್ಗೆ ಮಾತಾಡುವುದನ್ನು ಕೇಳಿ ಊಟ ಬೇಡವೆಂದು ಎದ್ದು ಹೋಗುತ್ತಿದ್ದ, ಅಷ್ಟೆ. ಸೊಸೆಗೆ ಅವಳದೇ ರೋಗಿಗಳು, ಅವಳದೇ ಕಂಪ್ಯೂಟರು. ಎಕ್ಸ್‌ರೇಯನ್ನೂ ಅದರಲ್ಲೇ ನೋಡುವವಳು. ಅತ್ತೆಗೆ ಹಳೆಯ ಕಾರ್ಡು, ಬೆರಳಗಲದ ಹಳೆಯ ಫಿಲ್ಮು. ಒಬ್ಬರ ಡ್ರಾಯರಿಗೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಅತ್ತೆ ಸೊಸೆ ನಗುನಗುತ್ತಾ ಇರಬೇಕಾದರೆ ಡ್ರಾಯರುಗಳು ಬೇರೆಬೇರೆ ಇರಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು.

ಅತ್ತೆಯ ಡ್ರಾಯರಿನಲ್ಲಿಯೇ ಎಡವಟ್ಟು ಕೂತಿತ್ತು.

ಬರೆದೂ ಬರೆದೂ ಹಲ್ಲಮ್ಮನ ಮಣಿಕಟ್ಟು ನೋಯಲು ಶುರುವಾಗಿತ್ತು. ನೋಡಲಾರದೆ ಯಜಮಾನರು ಒಂದು ಸೀಲು ಮಾಡಿಸಿ ತಂದುಕೊಟ್ಟರು. ಮರದ ಹಿಡಿ, ನೇರಳೆ ಶಾಯಿ, ಅದೇ ವಾಕ್ಯ: ರೋಗಿಯೇ ಮುಟ್ಟಿ ತೋರಿಸಿದರು. ಹಲ್ಲಮ್ಮ ಹಿಗ್ಗಿ ಹೀರೆಕಾಯಿಯಾದಳು. ಮೊದಲು ರೋಗಿ ಕೆನ್ನೆ ಮುಟ್ಟಿದ ಮೇಲೆಯೇ ಸೀಲು ಬೀಳುತ್ತಿತ್ತು. ಬರಬರುತ್ತಾ, ರೋಗಿಗಳಿಲ್ಲದ ಹೊತ್ತಿನಲ್ಲಿ ಅಕ್ಕನ ಜೊತೆ ಫೋನಿನಲ್ಲಿ ಹರಟುತ್ತಾ, ಸುಮ್ಮನೆ ಕೂರಲಾರದ ಕೈ ಖಾಲಿ ಕಾರ್ಡುಗಳ ಕಟ್ಟು ತೆಗೆದು ಒಂದರ ಮೇಲೊಂದು ಸೀಲು ಒತ್ತಿಡತೊಡಗಿತು. ಹೇಗೂ ಎಲ್ಲರ ಕೈಯಿಂದಲೂ ಮುಟ್ಟಿಸಿಯೇ ಮುಟ್ಟಿಸುತ್ತೇನಲ್ಲ ಎಂಬ ಧೈರ್ಯ. ಮುಟ್ಟಿಸುತ್ತಲೂ ಇದ್ದಳು. ನೋಡುವ ಕಣ್ಣು, ಬರೆಯುವ ಕೈ, ಕೀಳುವ ಕೈ ಒಬ್ಬರದೇ ಆಗಿರುವ ತನಕ ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಭೂಗೋಳದ ಟೀಚರ್ ಬಂದ ದಿನ ಹಾಗಿರಲಿಲ್ಲ. ಟೀಚರಿಗೆ ವಾರದಿಂದ ಬಾಯಿಯೆಲ್ಲ ನೋವು. ಯಾವ ಹಲ್ಲಿನದು ಅಂದರೆ ಹೇಳಲು ಬಾರದು. ಹಲ್ಲಮ್ಮ ಎರಡೂ ಕಡೆಯ ಫಿಲ್ಮು ತೆಗೆದಳು. ಕೆಳದವಡೆಯ ಒಂದು ಹಲ್ಲಿನ ಬೇರು ಉಳಿಸಲಾಗದಷ್ಟು ಕೊಳೆತಿತ್ತು. ಇನ್ನೊಂದು ಕಡೆಯದು ಹಳೆಯ ಸಿಮೆಂಟು ತುಂಬಿದ, ಇನ್ನೂ ಬಹಳ ಕಾಲ ಬಾಳುವ ಹಲ್ಲು. ಅಂಥ ಫಿಲ್ಮಿನ ಮೂಲೆಯಲ್ಲಿ ಸಾಸಿವೆಕಾಳಿಗಿಂತ ಚಿಕ್ಕದಾದ ಒಂದು ಉಬ್ಬಿದ ಚುಕ್ಕೆ ಇರುತ್ತದೆ. ಆ ಉಬ್ಬು ನಮ್ಮ ಕಡೆಗಿದ್ದರೆ ಬಲ ಬಲವೇ. ಮಗುಚಿ ಹಿಡಿದರೆ ಬಲ ಎಡವಾಗುತ್ತದೆ. ಅವತ್ತು ಆಕೆಯ ಮೂಗಿನ ಮೇಲೆ ಕನ್ನಡಕವಿರಲಿಲ್ಲ. ಸ್ಕ್ರೂ ಸಡಿಲವಾಗಿದೆಯೆಂದು ಯಜಮಾನರು ಕೆಳಗೆ ಒಯ್ದಿದ್ದರು. ಕನ್ನಡಕದ ಅಂಗಡಿಯವನ ಹೆಂಡತಿ ಕನ್ನಡಕವಿಲ್ಲದೆ ಕಿಟಕಿಯ ಬೆಳಕಿಗೆ ಫಿಲ್ಮು ಹಿಡಿದಳು, ಚುಕ್ಕೆಯನ್ನು ಬೆರಳಿನಿಂದ ತಡವಿ ನೋಡಲಿಲ್ಲ, ಸೀಲು ಆಗಲೇ ಬಿದ್ದಿದ್ದ ಕಾರ್ಡಿನಲ್ಲಿ ‘ಎಡ’ ಎಂದು ಬರೆದಳು. ಪಕ್ಕದೂರಿನಲ್ಲಿ ಅಕ್ಕನಿಗೆ ಹುಷಾರಿಲ್ಲವೆಂದು ಬಸ್ಸು ಹಿಡಿಯುವ ಅವಸರ. “ಮಧ್ಯಾಹ್ನ ನನ್ನ ಸೊಸೆ ತೆಗೀತಾಳೆ ಟೀಚರ್, ಅವಳ ಕೈ ನನಗಿಂತ ಹಗುರ” ಎಂದು ಹೇಳಿ ಹೊರಟಳು.

ಮಧ್ಯಾಹ್ನ ಸೊಸೆ ಕಾರ್ಡು ನೋಡಿದಳು. ಅತ್ತೆಯ ಅಕ್ಷರದಲ್ಲಿ ‘ಎಡ’. ಕೆಳಗೆ ನೇರಳೆ ಸೀಲು: ರೋಗಿಯೇ ಮುಟ್ಟಿ ತೋರಿಸಿದರು. ಅತ್ತೆ ಮುಟ್ಟಿಸಿ ಬರೆದ ಮೇಲೆ ಮತ್ತೆ ಕೇಳುವುದೇನು? ಸೊಸೆ ಎಡಗಡೆಗೆ ಸೂಜಿ ಕೊಟ್ಟಳು. ಟೀಚರಿಗೆ ಒಂದು ಕ್ಷಣ ಅನುಮಾನ ಬಂತಂತೆ, ಡಾಕ್ಟರಿಗೆ ಗೊತ್ತಿರುತ್ತದೆಂದು ಸುಮ್ಮನಾದರಂತೆ. ಹಲ್ಲು ಕೈಗೆ ಬಂದಾಗ ಅದರ ಬೇರು ಗಟ್ಟಿಯಾಗಿ, ಬೆಳ್ಳಗೆ ಇತ್ತು. ಸೊಸೆ ಫಿಲ್ಮು ಎತ್ತಿ ಚುಕ್ಕೆ ತಡವಿದಳು. ಮುಚ್ಚಿಡಲು ನೋಡಲಿಲ್ಲ, ಟೀಚರಿನ ಕೈ ಹಿಡಿದುಕೊಂಡು “ತಪ್ಪು ಹಲ್ಲು ತೆಗೆದುಬಿಟ್ಟೆ” ಎಂದು ಅಲ್ಲೇ ಹೇಳಿದಳು, ಅದನ್ನು ಕಾರ್ಡಿನ ಮೇಲೆ ಬರೆದೂ ಇಟ್ಟಳು. ಟೀಚರ್ ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡೇ ಎದ್ದು ಹೋದರು. ಕೊಳೆತ ಹಲ್ಲನ್ನು ಬೇರೆ ಕಡೆ ತೆಗೆಸಿಕೊಂಡರು. ಆಮೇಲೆ ದಂತವೈದ್ಯರ ಮಂಡಳಿಗೆ ದೂರು ಕೊಟ್ಟರು. ಕಿತ್ತ ಕೈ ಯಾರದೋ ದೂರೂ ಅವರ ಮೇಲೆಯೇ.

ಮಂಡಳಿ ಅಂದರೆ ಡಾಕ್ಟರರಿಗೆ ಲೈಸೆನ್ಸು ಕೊಡುವ ಜಾಗ. ಕೊಟ್ಟವರಿಗೆ ಕಿತ್ತುಕೊಳ್ಳುವ ಅಧಿಕಾರವೂ ಇದೆ. ಸೊಸೆಯ ಲೈಸೆನ್ಸಿನ ಶಾಯಿಯೇ ಇನ್ನೂ ಆರಿರಲಿಲ್ಲ ಅನ್ನಬೇಕು. ಊರಿಂದ ವಾಪಸು ಬಂದ ಹಲ್ಲಮ್ಮ ಕಾರ್ಡು ಕೈಗೆತ್ತಿಕೊಂಡಾಗ ಸೊಸೆ ಅಳುತ್ತಾ ಹೇಳಿದ ಮಾತು ಒಂದೇ: “ನೀವು ಮುಟ್ಟಿಸಿದ್ರಲ್ಲ ಅತ್ತೆ. ಸೀಲು ಇತ್ತಲ್ಲ. ಅದಕ್ಕೇ ನಾನು ಮತ್ತೆ ಕೇಳ್ಲಿಲ್ಲ.”

ಬಂದವರಿಗೆಲ್ಲ “ಬಾಯಿ ತೆಗೀರಿ, ಇನ್ನೂ ಸ್ವಲ್ಪ ತೆಗೀರಿ” ಎನ್ನುತ್ತಿದ್ದವಳ ಬಾಯಿ ಆ ಹೊತ್ತಿನಲ್ಲಿ ತೆರೆಯಲಿಲ್ಲ.

ಯಜಮಾನರ ತಮ್ಮ ವಕೀಲ. ಮಾತಿಗೆ ಮುಂಚೆ ನಗು, ನಗುವಿಗೆ ಮುಂಚೆ ಕಾನೂನು. ಕಾರ್ಡು ನೋಡಿದ್ದೇ ಅವನ ಮುಖ ಅರಳಿತು.

“ಅತ್ತಿಗೆ, ಈ ಸೀಲು ಚಿನ್ನ ಕಣ್ರೀ! ರೋಗಿಯೇ ಮುಟ್ಟಿ ತೋರಿಸಿದ್ದಾರೆ. ಅವರು ಎಡ ತೋರಿಸಿದ್ರು, ನೀವು ಎಡ ಬರೆದ್ರಿ, ಇವಳು ಎಡ ಕಿತ್ತಳು. ತಪ್ಪು ಯಾರದು?”

“ಆದ್ರೆ ಚಿಕ್ಕಮಾವ, ತಮ್ಮನ್ನ ಯಾರೂ ಕೇಳ್ಲೇ ಇಲ್ಲ ಅಂತ ಟೀಚರ್ ಬರೆದಿದ್ದಾರಲ್ಲ” ಎಂದಳು ಸೊಸೆ.

“ಅವರದು ಬಾಯಿಮಾತು, ನಮ್ಮದು ದಾಖಲೆ. ಮಂಡಳಿ ಯಾವುದನ್ನ ನಂಬುತ್ತೆ ಹೇಳು? ಇದೊಂದು ಇರೋ ತನಕ ನಿನ್ನ ಲೈಸೆನ್ಸನ್ನ ಯಾರೂ ಅಲ್ಲಾಡಿಸೋಕಾಗಲ್ಲ.”

ಸೊಸೆ ಕಣ್ಣೊರೆಸಿಕೊಂಡು ಅತ್ತೆಯ ಕಡೆ ನೋಡಿದಳು. “ಅದೂ ನಿಜ. ಅತ್ತೆ ಮುಟ್ಟಿಸದೆ ಸೀಲು ಹೊಡೆಯೋರಲ್ಲ” ಎಂದಳು. ಎಷ್ಟು ಅಭಿಮಾನದಿಂದ ಅಂದಳೆಂದರೆ, ಬೈದಿದ್ದರೂ ಹಲ್ಲಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ.

ಅವತ್ತು ಸಂಜೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಕೆಳಗಿಳಿದು ಬಂದು ಗಂಡನ ಎದುರಿನ ಸ್ಟೂಲಿನ ಮೇಲೆ ಕೂತಳು. ಎಲ್ಲ ಹೇಳಿದಳು. ಯಜಮಾನರು ಒಂದೇ ಗಾಜನ್ನು ಬಹಳ ಹೊತ್ತು ಒರೆಸಿದರು.

“ಮಂಡಳಿ ಮುಂದೆ ಹೇಳಿದ್ರೆ ಏನಾಗುತ್ತೆ?”

“ಹಲ್ಲು ತಪ್ಪಿದ್ದಕ್ಕೆ ಬಿಟ್ರೂ ಬಿಡಬಹುದು. ಆಗದೇ ಇದ್ದದ್ದನ್ನ ಆಯ್ತು ಅಂತ ಮುಂಚೇನೇ ಒತ್ತಿಟ್ಟಿದ್ದಕ್ಕೆ ಬಿಡಲ್ಲ. ನನ್ನ ಲೈಸೆನ್ಸು ಹೋಗಬಹುದು ಕಣ್ರೀ.”

“ಹೇಳದೇ ಇದ್ರೆ?”

“ನಮ್ಮದೇನೂ ಹೋಗಲ್ಲ. ಟೀಚರ್ ಸುಳ್ಳುಗಾತಿ ಅನ್ನಿಸ್ಕೋತಾರೆ, ಅಷ್ಟೆ.”

ಆ ‘ಅಷ್ಟೆ’ ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ದೊಡ್ಡದೆಂದು ಇಬ್ಬರಿಗೂ ಗೊತ್ತಾಯಿತು. “ಸೀಲು ಮಾಡಿಸಿಕೊಟ್ಟವನು ನಾನು” ಎಂದರು ಯಜಮಾನರು. “ಸೀಲು ನಿಮ್ಮದು, ಒತ್ತಿದ ಕೈ ನಂದು. ಅದರಲ್ಲೂ ಪಾಲು ಕೇಳಬೇಡಿ” ಎಂದಳು. ಆದರೂ ಸೊಸೆಗೆ ಹೇಳಲಾಗಲಿಲ್ಲ. ನಾಳೆ ಹೇಳಿದರಾಯಿತು, ನಾಳಿದ್ದು ಹೇಳಿದರಾಯಿತು ಅನ್ನುತ್ತಾ ವಿಚಾರಣೆಯ ದಿನ ಬಂದೇಬಿಟ್ಟಿತು. ಅಂಜಿಕೆಯೇ, ಇನ್ನೇನು? ಇಷ್ಟು ವರ್ಷ ಕಟ್ಟಿಕೊಂಡ ಹೆಸರನ್ನು ತನ್ನ ಕೈಯಾರೆ ಕೀಳಬೇಕು, ಅದಕ್ಕೆ ಮರಗಟ್ಟಿಸುವ ಸೂಜಿಯೂ ಇಲ್ಲ. ಹೊರಡುವಾಗ ಮಾತ್ರ ಡ್ರಾಯರಿನಲ್ಲಿದ್ದ ಕಾರ್ಡಿನ ಕಟ್ಟನ್ನು ಕೈಚೀಲಕ್ಕೆ ಹಾಕಿಕೊಂಡಳು. ಏಕೆಂದು ಕೇಳಿದ್ದರೆ ಆಕೆಯೂ ಹೇಳುತ್ತಿರಲಿಲ್ಲ.

ಮಂಡಳಿಯ ಕೋಣೆಯಲ್ಲಿ ಉದ್ದನೆಯ ಮೇಜು, ಕರಕರ ಅನ್ನುವ ಫ್ಯಾನು. ಮೇಜಿನ ಆಚೆ ಮೂವರು ಹಿರಿಯ ಡಾಕ್ಟರರು. ಈಚೆ ಒಂದು ಪಕ್ಕದಲ್ಲಿ ಹಲ್ಲಮ್ಮ, ಸೊಸೆ, ವಕೀಲ. ಇನ್ನೊಂದು ಪಕ್ಕದಲ್ಲಿ ಟೀಚರ್ ಒಬ್ಬರೇ. ಅವರಿಗೆ ವಕೀಲರಿಲ್ಲ. ಮಾತಿನ ನಡುವೆ ನಾಲಿಗೆ ಖಾಲಿ ಜಾಗಕ್ಕೆ ಹೋಗಿ ಮುಟ್ಟಿಬರುತ್ತಿತ್ತು; ಹಲ್ಲು ಹೋದವರ ಆ ಅಭ್ಯಾಸ ಹಲ್ಲಮ್ಮನಿಗೆ ಚೆನ್ನಾಗಿ ಗೊತ್ತು.

ಅಧ್ಯಕ್ಷರು ಸಮಾಧಾನದ ಮನುಷ್ಯ. “ನಿಮ್ಮನ್ನ ಕೇಳದೇನೇ ಹಲ್ಲು ತೆಗೆದ್ರು ಅಂತೀರಾ?” ಎಂದರು.

“ಹೌದು ಸಾರ್. ಯಾರೂ ಕೇಳ್ಲಿಲ್ಲ. ನಾನು ಭೂಗೋಳ ಹೇಳಿಕೊಡೋಳು. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಲಗಡೆ ಯಾವ ದಿಕ್ಕು, ಎಡಗಡೆ ಯಾವ ದಿಕ್ಕು ಅಂತ ದಿನಾ ಬಡ್ಕೋತೀನಿ. ಕೇಳಿದ್ರೆ ನನ್ನ ಕೆನ್ನೆ ಯಾವುದು ಅಂತ ನನಗೆ ಗೊತ್ತಾಗ್ತಿರಲಿಲ್ವಾ?”

ವಕೀಲ ಎದ್ದು, ನಗುತ್ತಲೇ ಕಾರ್ಡನ್ನು ಅಧ್ಯಕ್ಷರ ಮುಂದಿಟ್ಟ. ಅವರು ಓದಿ ಟೀಚರಿನ ಕಡೆ ತಿರುಗಿಸಿದರು. “ಇಲ್ಲಿ ನೀವೇ ಮುಟ್ಟಿ ತೋರಿಸಿದ್ದು ಅಂತ ಇದೆಯಲ್ಲಮ್ಮ. ಅವತ್ತಿನ ದಾಖಲೆ ಇದು.”

ಟೀಚರ್ ಬಗ್ಗಿ ಓದಿದರು. ಇನ್ನೊಮ್ಮೆ ಓದಿದರು. ದನಿ ತಗ್ಗಿತು. “ಹೌದಾ... ಅವತ್ತು ತುಂಬಾ ನೋವಿತ್ತು. ನಿದ್ದೆ ಇರಲಿಲ್ಲ. ಮುಟ್ಟಿ ಮರೆತೆನೋ ಏನೋ. ನಾನೇ ತಪ್ಪು ತೋರಿಸಿದೆನೋ ಏನೋ ಸಾರ್.” ಹೇಳುತ್ತಾ ಅವರ ಕೈ ಒಮ್ಮೆ ಆ ಕೆನ್ನೆಗೆ, ಒಮ್ಮೆ ಈ ಕೆನ್ನೆಗೆ ಹೋಯಿತು. ಎಡಬಲ ಹೇಳಿಕೊಡುವ ಹೆಂಗಸು ತನ್ನ ಎಡಬಲದ ಮೇಲೆಯೇ ನಂಬಿಕೆ ಕಳೆದುಕೊಂಡು ಕೂತಿದ್ದರು.

ಹಲ್ಲಮ್ಮನಿಗೆ ತಡೆಯಲಾಗಲಿಲ್ಲ. ನೋವು ಎಲ್ಲಿ ಎಂದು ರೋಗಿ ಹೇಳಿದರೆ ಅದನ್ನು ನಂಬುವುದು ಈ ಕಸುಬಿನ ಮೊದಲ ಪಾಠ. ಈಗ ತನ್ನದೇ ಕಾರ್ಡು ರೋಗಿಯ ಬಾಯಿಗೆ ಬೀಗ ಹಾಕಿತ್ತು. ಎದ್ದು ನಿಂತಳು.

“ಅತ್ತಿಗೆ, ಕೂತ್ಕೊಳ್ಳಿ” ಎಂದ ವಕೀಲ, ಹಲ್ಲಿನ ಸಂದಿಯಿಂದ.

“ನೀನು ಕೂತ್ಕೊಳಪ್ಪ” ಎಂದಳು. “ಟೀಚರ್, ನೀವು ಏನನ್ನೂ ಮರೆತಿಲ್ಲ. ನಿಮ್ಮನ್ನ ಯಾರೂ ಕೇಳ್ಲಿಲ್ಲ. ನಿಮ್ಮ ಮಾತೇ ನಿಜ. ಸುಳ್ಳು ಹೇಳ್ತಿರೋದು ನನ್ನ ಕಾರ್ಡು.”

ಕೈಚೀಲದಿಂದ ಕಟ್ಟು ತೆಗೆದು ಮೇಜಿನ ಮೇಲಿಟ್ಟು ದಾರ ಬಿಚ್ಚಿದಳು. ಖಾಲಿ ಕಾರ್ಡುಗಳು. ಹೆಸರಿಲ್ಲ, ಹಲ್ಲಿನ ಗುರುತಿಲ್ಲ, ತಾರೀಕಿಲ್ಲ. ಒಂದೊಂದರ ಕೆಳಗೂ ನೇರಳೆ ಬಣ್ಣದಲ್ಲಿ: ರೋಗಿಯೇ ಮುಟ್ಟಿ ತೋರಿಸಿದರು. ಇನ್ನೂ ಹುಟ್ಟದ ರೋಗಿಗಳೂ ಮುಟ್ಟಿ ತೋರಿಸಿಬಿಟ್ಟಿದ್ದರು! ಮೇಜಿನ ಆಚೆ ಯಾರೋ ನಗಲು ಹೋಗಿ ಕೆಮ್ಮಿದರು.

“ಫಿಲ್ಮು ಮಗುಚಿ ಹಿಡಿದವಳು ನಾನು. ಎಡ ಅಂತ ಬರೆದವಳು ನಾನು. ಮುಂಚೇನೇ ಸೀಲು ಒತ್ತಿಟ್ಟವಳೂ ನಾನೇ. ಈ ಹುಡುಗಿ ಸೀಲು ನೋಡಿ ನನ್ನನ್ನ ನಂಬಿದಳು. ನಂಬಿದ್ದೇ ಅವಳ ತಪ್ಪು, ಬೇರೇನಿಲ್ಲ.”

ಸೊಸೆಯೂ ಎದ್ದಳು. ಮುಖ ಬೆಳ್ಳಗಾಗಿತ್ತು. “ಯಾರು ಬರೆದಿದ್ರೂ ನಾನು ಕೇಳಬೇಕಿತ್ತು ಸಾರ್” ಎಂದಳು. ವಕೀಲ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡ. ಗೆದ್ದ ಕೇಸನ್ನು ಕಕ್ಷಿದಾರರೇ ಗಾಳಿಗೆ ತೂರುವುದನ್ನು ಅವನ ಜೀವನದಲ್ಲಿ ಅವನು ನೋಡಿರಲಿಲ್ಲ.

ಅಧ್ಯಕ್ಷರು ಕಾರ್ಡುಗಳನ್ನು ಬೆರಳಿನಿಂದ ಸರಿಸಿ ನೋಡುತ್ತಾ ಹೇಳಿದರು, “ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಿರಲಿಲ್ಲ.”

“ಟೀಚರಿಗೆ ಗೊತ್ತಿತ್ತು ಸಾರ್. ಇನ್ನೊಂದು ಗಳಿಗೆ ಬಿಟ್ಟಿದ್ರೆ ಅವರಿಗೂ ಗೊತ್ತಿರ್ತಿರಲಿಲ್ಲ.”

ಒಪ್ಪಿಕೊಂಡವಳನ್ನು ಹೊಗಳಿ ಕಳಿಸಿದರು ಎಂದು ನೀವು ತಿಳಿದರೆ ಆ ಮಂಡಳಿ ನಿಮಗೆ ಗೊತ್ತಿಲ್ಲ. ಅಧ್ಯಕ್ಷರು ಸೊಲ್ಲೆತ್ತಿದಾಗ ಮಾತು ಖಡಕ್ಕಾಗಿತ್ತು. “ಫಿಲ್ಮು ತಪ್ಪಿದ್ದು ಕೈತಪ್ಪು. ಸೀಲು ಕೈತಪ್ಪಲ್ಲ ಡಾಕ್ಟ್ರೇ. ನೀವು ಬರೆದದ್ದನ್ನ ನೋಡಿ ಇನ್ನೊಬ್ಬರು ರೋಗಿಗೆ ಸೂಜಿ ಚುಚ್ಚುತ್ತಾರೆ.” ಸೊಸೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ಅವಳ ಲೈಸೆನ್ಸು ಉಳಿಯಿತು. ಹಲ್ಲಮ್ಮನ ಲೈಸೆನ್ಸನ್ನು ಮೂರು ತಿಂಗಳು ಅಮಾನತಿನಲ್ಲಿ ಇಟ್ಟರು. ಇನ್ನು ಮೇಲೆ ಆ ಸಾಲನ್ನು ಯಾರು ಮುಟ್ಟಿಸುತ್ತಾರೋ ಅವರೇ, ಮುಟ್ಟಿಸಿದ ಮೇಲೆಯೇ, ಕೈಯಾರೆ ಬರೆಯಬೇಕೆಂದೂ ಆಜ್ಞೆಯಾಯಿತು. ಹಲ್ಲಮ್ಮ ತಲೆಬಾಗಿ ಸಹಿ ಮಾಡಿದಳು. ಅನ್ಯಾಯವಾಯಿತೆಂದು ಆಕೆಗೆ ಒಂದು ಚೂರೂ ಅನ್ನಿಸಲಿಲ್ಲ.

ಹೊರಗೆ ಬಸ್ ನಿಲ್ದಾಣದ ತನಕ ಸೊಸೆ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬೆಂಚಿನ ಮೇಲೆ ಕೂತ ಮೇಲೆ ಅಂದಳು:

“ಇಷ್ಟು ದಿನ ನನ್ನಿಂದ ಮುಚ್ಚಿಟ್ರಿ ಅತ್ತೆ.”

“ಹೌದಮ್ಮ.”

“ನನಗೆ ತುಂಬಾ ಸಿಟ್ಟು ಬಂದಿದೆ.”

“ಬರ್ಲಿ. ಬರಬೇಕಾದ್ದೇ.”

“ಇವತ್ತು ತವರಿಗೆ ಫೋನ್ ಮಾಡಿ ಎಲ್ಲಾ ಹೇಳ್ತೀನಿ.”

ಹಲ್ಲಮ್ಮನ ಮುಖ ಸಪ್ಪಗಾಯಿತು. “ಏನಂತ ಹೇಳ್ತೀಯ?”

“ನಮ್ಮತ್ತೆ ಅಂದ್ರೆ ಯಾರು ಅಂತ” ಎಂದು ಸೊಸೆ ಆಕೆಯ ಭುಜಕ್ಕೆ ಒರಗಿ ಗಳಗಳ ಅತ್ತಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಅತ್ತೆಯ ಹೆಗಲ ಮೇಲೆ ಸೊಸೆ ಅಳುವುದು ದಿನಾ ಕಾಣಸಿಗುವ ನೋಟವಲ್ಲ.

ಮರುದಿನ ಹಲ್ಲಮ್ಮ ಬೋರ್ಡಿನ ಮೇಲಿನ ತನ್ನ ಹೆಸರಿಗೆ ತಾನೇ ಏಣಿ ಹತ್ತಿ ಬಟ್ಟೆ ಕಟ್ಟಿದಳು. ಸೊಸೆಯ ಹೆಸರನ್ನು ಒರೆಸಿ ಹೊಳಪು ಮಾಡಿ ಇಳಿದಳು. ಸೀಲಿನ ರಬ್ಬರನ್ನು ಯಜಮಾನರು ಬ್ಲೇಡಿನಿಂದ ಕಿತ್ತೆಸೆದು, ಮರದ ಹಿಡಿಯನ್ನು ಅಂಗಡಿಯಲ್ಲಿ ಕುಂಟುತ್ತಿದ್ದ ಮೇಜಿನ ಕಾಲಿಗೆ ಒತ್ತುಕೊಟ್ಟರು. ಮೂರು ತಿಂಗಳು ಹಲ್ಲಮ್ಮ ಆ ಮೇಜಿನ ಹಿಂದೆ ಕೂತು ಕನ್ನಡಕ ಮಾರಿದಳು. ಕಣ್ಣು ತೋರಿಸಲು ಬಂದವರಿಗೆ ಅಭ್ಯಾಸಬಲದಿಂದ “ಬಾಯಿ ತೆಗೀರಿ” ಅಂದದ್ದೂ ಉಂಟು.

ಮೂಗು ತೂರಿಸುವವರು ಬಂದೇ ಬಂದರು. “ಏನ್ ಡಾಕ್ಟ್ರೇ, ಮೇಲೆ ಹೋಗಲ್ವಾ? ಮೈ ಹುಷಾರಿಲ್ವಾ?” ಹುಷಾರಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಹಲ್ಲಮ್ಮ ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ಲೈಸೆನ್ಸು ಅಮಾನತಾಗಿದೆ. ಮುಟ್ಟಿಸದೇನೇ ಮುಟ್ಟಿಸಿದೆ ಅಂತ ಸೀಲು ಒತ್ತಿದ್ದೆ.” ಕೇಳಲು ಬಂದವರೇ ಪೆಚ್ಚಾಗಿ, ಬೇಡದಿದ್ದರೂ ಒಂದು ಕನ್ನಡಕದ ಡಬ್ಬಿ ಕೊಂಡು ಹೋಗುತ್ತಿದ್ದರು. ಯಜಮಾನರು ವ್ಯಾಪಾರ ಏರಿತೆಂದು ಹಲ್ಲು ಕಿರಿದರು. ‘ಲೈಸೆನ್ಸು ಹೋದವಳು’ ಎಂದು ಬೆನ್ನ ಹಿಂದೆ ಅಂದವರೂ ಇದ್ದರು. ಆ ಕೋಣೆಯಲ್ಲಿ, ಗೆದ್ದು ಕೂತ ಜಾಗದಿಂದ ಎದ್ದು ನಿಲ್ಲುವುದು ತಮ್ಮ ಕೈಲಾಗುತ್ತಿತ್ತೇ ಎಂದು ಆ ಬಾಯಿಬಡುಕರು ಒಮ್ಮೆ ಕೇಳಿಕೊಳ್ಳಲಿ.

ಆ ದಿನಗಳಲ್ಲಿ ಅಂಗಡಿ ನಿಶ್ಶಬ್ದವಾದಾಗಲೆಲ್ಲ ಮಹಡಿಯ ಮೇಲಿಂದ ಸೊಸೆಯ ದನಿ ಮೆಟ್ಟಿಲಿಳಿದು ಬರುತ್ತಿ‌ತ್ತು. “ನಿಮ್ಮ ಬಲ, ನನ್ನ ಎಡ. ನಿಮ್ಮ ಕೈಯಿಂದ್ಲೇ ಮುಟ್ಟಿ ತೋರಿಸಿ.” ಹಲ್ಲಮ್ಮ ಕನ್ನಡಕ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ಕಿವಿಗೊಡುವಳು. “ಕೇಳಿದ್ರಾ?” ಎಂದು ಗಂಡನನ್ನು ಕೇಳುವಳು. “ಬೀದಿಗೇ ಕೇಳಿಸ್ತು” ಎನ್ನುವರು ಅವರು.

ಅಮಾನತು ಮುಗಿದ ದಿನ ಬೆಳಿಗ್ಗೆ ಬೋರ್ಡಿನ ಬಟ್ಟೆ ಬಿಚ್ಚಿದ್ದು ಸೊಸೆ. ಹಲ್ಲಮ್ಮ ಮೇಲೆ ಹೋಗಿ ಕೈ ತೊಳೆದು, ಕುರ್ಚಿ ಒರೆಸಿ, ಹೊಸದಾಗಿ ಅಚ್ಚು ಹಾಕಿಸಿದ ಕಾರ್ಡುಗಳನ್ನು ಮೇಜಿನ ಮೇಲಿಟ್ಟು ಕೂತಳು. ಯಾರಾದರೂ ಬರುತ್ತಾರೋ ಇಲ್ಲವೋ ಎಂಬ ಅಳುಕು ಇದ್ದೇ ಇತ್ತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಬಾಗಿಲಲ್ಲಿ ಭೂಗೋಳದ ಟೀಚರ್ ನಿಂತಿದ್ದರು.

ಹಲ್ಲಮ್ಮ ಎದ್ದು ನಿಂತಳು. “ಟೀಚರ್... ನೀವು?”

“ಹಲ್ಲು ಕಟ್ಟಿಸಬೇಕಿತ್ತು. ಬಲಗಡೇದು ಬೇರೆಯವರ ಹತ್ರ ಕಟ್ಟಿಸಿದೆ. ಎಡಗಡೇದು ಇನ್ನೂ ಹಾಗೇ ಇದೆ.”

“ಅದನ್ನೂ ಅಲ್ಲೇ ಕಟ್ಟಿಸಬಹುದಿತ್ತಲ್ಲ.”

“ಕಿತ್ತದ್ದು ಈ ಮನೆ. ಕಟ್ಟೋದೂ ಈ ಮನೇನೇ ಆಗಬೇಕು ಅಂತ ಕಾದೆ” ಎಂದು ಟೀಚರ್ ಹೋಗಿ ಕುರ್ಚಿಯಲ್ಲಿ ಒರಗಿದರು. “ಅವತ್ತು ನನ್ನ ಮಾತು ನನಗೇ ಸುಳ್ಳು ಅನ್ನಿಸೋಕೆ ಶುರುವಾಗಿತ್ತು ಡಾಕ್ಟ್ರೇ. ನೀವು ಎದ್ದು ನಿಂತ್ರಿ. ಇನ್ಯಾರ ಹತ್ರ ಹೋಗಲಿ?”

ಹಲ್ಲಮ್ಮ ಹೊಸ ಕಾರ್ಡು ಎಳೆದುಕೊಂಡಳು. ಕೆಳಗಿನ ಸಾಲು ಖಾಲಿ ಇತ್ತು. ಕನ್ನಡಕ ಸರಿಮಾಡಿಕೊಂಡು, ಜೀವಮಾನವಿಡೀ ಹೇಳಿದ ಮಾತನ್ನು ಹೇಳಹೋದಳು. “ನಿಮ್ಮ...” ಎಂದು ಶುರು ಮಾಡಿ ಟೀಚರಿನ ಮುಖ ನೋಡಿದಳು. ಪಕ್ಕದ ಕುರ್ಚಿಯ ಹತ್ತಿರ ಸೊಸೆ ಕೆಲಸ ಬಿಟ್ಟು ನೋಡುತ್ತಿದ್ದಳು.

ಟೀಚರ್ ಕಾಯಲಿಲ್ಲ. ಕೈಯೆತ್ತಿ ತಮ್ಮ ಕೆನ್ನೆಯ ಮೇಲೆ ಗಟ್ಟಿಯಾಗಿ ಇಟ್ಟುಕೊಂಡರು. “ನನ್ನ ಎಡ” ಎಂದರು. “ನಿಮ್ಮ ಬಲ.”

ಹಲ್ಲಮ್ಮ ಕಾರ್ಡಿನ ಮೇಲೆ ಬಗ್ಗಿದಳು. ರೋಗಿಯೇ ಮುಟ್ಟಿ ತೋರಿಸಿದರು ಎಂದು ಒಂದೊಂದೇ ಅಕ್ಷರ ಬರೆದಳು. ಮಣಿಕಟ್ಟು ನೋಯುತ್ತಿತ್ತು. ಪೂರ್ತಿ ಬರೆದು ಸಹಿ ಹಾಕಿದಳು.